ಕೋರೆಹಲ್ಲು, ಕಾಮಿಡಿ ಮತ್ತು ಏಳು ವರ್ಷದ ಹುಡುಗ

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ 13, ಮಗನಿಗೆ 7. ಮಗಳು ರಶ್ಮಿಕಾ ಮಂದಣ್ಣ ಅಭಿಮಾನಿ. ಅವಳು ನಟಿಸಿರುವ ಹಿಂದಿ ಸಿನಿಮಾ ‘ಥಾಮಾ’ ನೋಡಲೇಬೇಕು ಅಂತ ಬಹಳ ದಿನದಿಂದ ಹಟ ಹಿಡಿದಿದ್ದಾಳೆ. ಅವಳು ನೋಡಿದರೆ ತಮ್ಮನೂ ಪಕ್ಕದಲ್ಲೇ ಕೂರುತ್ತಾನೆ. ರಕ್ತ ಕುಡಿಯುವವರ ಕಥೆ, ಬೇಡ ಅಂದೆ. ‘ಕಾಮಿಡಿ ತಾನೇ? ನಾವೆಲ್ಲ ಚಿಕ್ಕವರಿದ್ದಾಗ ದೆವ್ವದ ಪಿಕ್ಚರ್ ನೋಡಿಲ್ವಾ, ನಮಗೇನಾಯ್ತು?’ ಅನ್ನುವುದು ನಮ್ಮವರ ವಾದ. ಮಗ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ ಕಾರ್ಟೂನನ್ನು ನಾಲ್ಕೈದು ಸಲ ನೋಡಿ ನಕ್ಕಿದ್ದಾನೆ, ಒಂದು ಸಲವೂ ಹೆದರಿಲ್ಲ. ಅದೂ ಡ್ರಾಕುಲಾ ಕಥೆಯೇ ಅಲ್ಲವೇ? ಇದನ್ನು ತೋರಿಸಬಹುದೇ? ಬೇಡ ಅನ್ನುವುದಾದರೆ ಅವನಿಗೆ ಹೇಗೆ ಹೇಳಲಿ? 
ಒಬ್ಬ ತಾಯಿ, ಹಾಸನ

ಉತ್ತರ: ನೇರ ಉತ್ತರ ಮೊದಲು. ಮಗನಿಗೆ ಈಗ ಬೇಡ. ಮಗಳಿಗೆ ಆಗಬಹುದು, ಆದರೆ ನೀವು ಮೊದಲೊಮ್ಮೆ ನೋಡಿದ ಮೇಲೆ, ಅವಳ ಪಕ್ಕದಲ್ಲಿ ಕೂತು. ನಿಮ್ಮ ಯಜಮಾನರ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸೆನ್ಸಾರ್ ವಿಷಯ ಬೇಗ ಮುಗಿಸಿಬಿಡೋಣ. ಈ ಸಿನಿಮಾಕ್ಕೆ ಸಿಕ್ಕಿರುವುದು ಯು/ಎ 16+ ಪ್ರಮಾಣಪತ್ರ. ಮೊದಲೆಲ್ಲ ಯು/ಎ ಅಂದರೆ ಒಂದೇ ಗೆರೆ, 12 ವರ್ಷದ್ದು. 2023ರ ತಿದ್ದುಪಡಿ, 2024ರ ನಿಯಮಗಳ ಬಳಿಕ ಅದನ್ನು 7+, 13+, 16+ ಎಂದು ಮೂರಾಗಿ ಒಡೆದಿದ್ದಾರೆ. ಇದು ನಿಷೇಧ ಅಲ್ಲ. ‘ಎ’ ಸಿನಿಮಾಕ್ಕೆ ಮಾತ್ರ 18 ಆಗದವರನ್ನು ಥಿಯೇಟರಿನೊಳಗೆ ಬಿಡುವಂತಿಲ್ಲ. ಯು/ಎ 16+ ಅಂದರೆ, 16 ಆಗದ ಮಗುವಿಗೆ ಇದು ಸರಿಯೇ ಎಂದು ಹೆತ್ತವರು ಯೋಚಿಸಲಿ ಎಂದಷ್ಟೇ. ಹಾಗಾಗಿ ಗೇಟಿನವನು ನಿಮ್ಮ ಮಗನನ್ನು ತಡೆಯುತ್ತಿರಲಿಲ್ಲ. ಆದರೂ ಮೂರು ಮೆಟ್ಟಿಲಲ್ಲಿ ಮೇಲಿನದ್ದನ್ನೇ ಕೊಟ್ಟಿದ್ದಾರೆ ಅನ್ನುವುದನ್ನು ಗಮನಿಸಿ. ಮನೆಯಲ್ಲಿ ಓಟಿಟಿಯಲ್ಲಿ ನೋಡುವುದಾದರೆ, 2021ರ ನಿಯಮದ ಪ್ರಕಾರ 13+ ಮತ್ತು ಅದಕ್ಕೂ ಮೇಲಿನದ್ದಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಇರಲೇಬೇಕು. ಅದು ಇರುತ್ತದೆ, ನಾವು ಹಾಕುವುದಿಲ್ಲ ಅಷ್ಟೆ. ನಮ್ಮ ಮನೆಯಲ್ಲಿ ಹಾಕಿದ್ದೆವು, ಪಿನ್ 1234. ಮಕ್ಕಳಿಗೆ ಅದು ಗೊತ್ತಾಗಲು ಒಂದು ಸಂಜೆ ಸಾಕಾಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಕಾಮಿಡಿ ಆದ್ದರಿಂದ ಭಯ ಕಡಿಮೆ ಆಗುತ್ತದೆಯೇ?

ದೊಡ್ಡವರಿಗೆ ಆಗುತ್ತದೆ. ಎದೆ ಝಲ್ಲೆಂದ ಮರುಕ್ಷಣ ಒಂದು ಜೋಕ್ ಬಂದರೆ ಆ ಬಿಗಿ ನಗುವಾಗಿ ಹೊರಗೆ ಹೋಗುತ್ತದೆ. ಆದರೆ ಅದಕ್ಕೆ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬೇಕು. ರಕ್ತಪಿಶಾಚಿಯ ಜೋಕುಗಳಂತೂ ಪೂರ್ತಿ ನಿಯಮಗಳ ಮೇಲೆ ನಿಂತವು. ಕನ್ನಡಿಯಲ್ಲಿ ಬಿಂಬ ಕಾಣಬಾರದು, ಬೆಳ್ಳುಳ್ಳಿ ಆಗಬಾರದು, ಬಿಸಿಲು ಬಿದ್ದರೆ ಸುಟ್ಟುಹೋಗಬೇಕು. (ಈ ಬಿಸಿಲಿನ ನಿಯಮ ತೀರ ಈಚಿನದು. 1897ರ ಮೂಲ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲಿ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೆ. ಬೆಳಕಿಗೆ ಸಾಯುವುದು 1922ರ ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು.) ಈ ನಿಯಮಗಳು ಗೊತ್ತಿದ್ದವರಿಗೆ ಅವು ತಲೆಕೆಳಗಾದಾಗ ನಗು ಬರುತ್ತದೆ. ಗೊತ್ತಿಲ್ಲದವರಿಗೆ ಜೋಕ್ ಹಾಗೇ ಸರಿದುಹೋಗುತ್ತದೆ, ಉಳಿಯುವುದು ಕೋರೆಹಲ್ಲು ಮಾತ್ರ. ನಗಲು ಏನೇನೋ ಗೊತ್ತಿರಬೇಕು. ಹೆದರಲು ಏನೂ ಗೊತ್ತಿರಬೇಕಾಗಿಲ್ಲ.

‘ಆದರೆ ಅವನು ನಗುತ್ತಿದ್ದನಲ್ಲ!’ ನನ್ನ ಎದುರು ಕೂತ ತಂದೆತಾಯಿಗಳು ಅತಿ ಹೆಚ್ಚು ಹೇಳುವ ಮಾತು ಇದು. ಆರು ವರ್ಷದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ರಜೆಯಲ್ಲಿ ದೊಡ್ಡ ಕಸಿನ್‌ಗಳ ಗುಂಪಿನಲ್ಲಿ ಇಂಥದ್ದೇ ಒಂದು ಸಿನಿಮಾ ನೋಡಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ ಅಂತೆ. ಮೂರನೇ ರಾತ್ರಿಯಿಂದ ಶುರುವಾಯಿತು. ನಿದ್ದೆಯಲ್ಲಿದ್ದ ಅಮ್ಮನನ್ನು ಎಬ್ಬಿಸಿ, ‘ಬಾಯಿ ತೆಗಿ, ಹಲ್ಲು ತೋರ್ಸು’ ಅನ್ನುವುದು. ಮೊಬೈಲ್ ಟಾರ್ಚ್ ಹಾಕಿ ಎರಡೂ ಕಡೆ ನೋಡಿ, ಬೆರಳಲ್ಲಿ ಮುಟ್ಟಿ, ಆಮೇಲೆ ಮಲಗುವುದು. ಅಮ್ಮನಿಗೆ ಮೊದಲು ನಗು, ಆಮೇಲೆ ಸಿಟ್ಟು, ಹದಿನೈದನೇ ದಿನಕ್ಕೆ ನನ್ನ ಬಳಿ. ‘ಸಿನಿಮಾದಲ್ಲಿ ರಕ್ತ ನೋಡಿ ಹೆದರಿದೆಯಾ ಪುಟ್ಟಿ?’ ಅಂದೆ. ‘ಇಲ್ಲ, ಅದು ಕಲರ್ ನೀರು,’ ಅಂದಳು, ನನಗೇ ಪಾಠ ಹೇಳುವ ಹಾಗೆ. ಹಾಗಾದರೆ ಇನ್ನೇನು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಅವನು ಮೊದ್ಲು ಒಳ್ಳೇವ್ನಾಗಿದ್ದ. ಕಚ್ಚಿದ್ಮೇಲೆ ಮುಖ ಅದೇ ಇತ್ತು.’

ಇದೇ ವಿಷಯದ ಬೇರು. ಮಕ್ಕಳನ್ನು ಕಾಡುವುದು ರಕ್ತ ಅಂತ ನಾವು ಅಂದುಕೊಳ್ಳುತ್ತೇವೆ. ಚಿಕ್ಕ ಮಕ್ಕಳನ್ನು ಕಾಡುವುದು ನಮ್ಮವರು ಅಂದುಕೊಂಡವರು ಬೇರೆಯವರಾಗುವುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೋನ್ ಕ್ಯಾಂಟರ್ ಎಂಬ ಸಂಶೋಧಕಿ ಮಕ್ಕಳ ಇಂಥ ಭಯವನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. 80ರ ದಶಕದ ಶುರುವಿನಲ್ಲಿ ಅವರು ಪುಟ್ಟ ಮಕ್ಕಳ ತಂದೆತಾಯಿಗಳನ್ನು ವಿಚಾರಿಸಿದಾಗ, ಮಕ್ಕಳನ್ನು ಹೆದರಿಸುವ ಕಾರ್ಯಕ್ರಮಗಳ ಸಾಲಿನಲ್ಲಿ ‘ಹಲ್ಕ್’ ಧಾರಾವಾಹಿಯ ಹೆಸರು ಮೇಲೆಮೇಲೆ ಬಂತು. ದೊಡ್ಡವರಿಗೆ ಆಶ್ಚರ್ಯ. ಹಲ್ಕ್ ಒಳ್ಳೆಯವನು, ಜನರನ್ನು ಕಾಪಾಡುವವನು! ಆಮೇಲೆ ಒಂದು ಕಂತನ್ನು ಮಕ್ಕಳಿಗೇ ತೋರಿಸಿ ನೋಡಿದರು. ಮೂರರಿಂದ ಐದು ವರ್ಷದವರು ಹೆದರಿದ್ದು ಸೌಮ್ಯ ಮನುಷ್ಯ ಹಸಿರು ರಾಕ್ಷಸನಾಗಿ ಮಾರ್ಪಡುವಾಗ ಮತ್ತು ಅದಾದ ಮೇಲೆ. ಒಂಬತ್ತು ದಾಟಿದವರಿಗೆ ಭಯವಾದದ್ದು ಅದಕ್ಕೂ ಮೊದಲು, ಆ ಮನುಷ್ಯ ಅಪಾಯದಲ್ಲಿದ್ದಾಗ. ಹಲ್ಕ್ ಬಂದಮೇಲೆ ಅವರಿಗೆ ನಿರಾಳ. ಅದೇ ಪರದೆ, ಅದೇ ದೃಶ್ಯ, ಭಯದ ಜಾಗ ಮಾತ್ರ ತಿರುವುಮುರುವು.

ನಿಮ್ಮ ಮಗ ಈ ಎರಡು ಗುಂಪುಗಳ ನಡುವೆ ಇದ್ದಾನೆ. ಆರು-ಏಳರ ಮಕ್ಕಳು ಒಂದು ದಿನ ಈ ದಡ, ಇನ್ನೊಂದು ದಿನ ಆ ದಡ. ಹಗಲು ಹೊತ್ತು ಎಲ್ಲ ಗೊತ್ತು ಅನ್ನುತ್ತಾರೆ, ದೀಪ ಆರಿಸಿದ ಮೇಲೆ ನಾಲ್ಕು ವರ್ಷದವರಾಗಿಬಿಡುತ್ತಾರೆ.

ಈಗ ‘ಥಾಮಾ’ ಕಥೆ ನೋಡಿ (ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಈ ಪ್ಯಾರಾ ಬಿಟ್ಟುಬಿಡಿ). ಬೆಟ್ಟ-ಕಾಡಿಗೆ ಹೋದ ಪತ್ರಕರ್ತನ ಮೇಲೆ ಕರಡಿ ಬೀಳುತ್ತದೆ. ಕಾಪಾಡುವವಳು ರಕ್ತ ಕುಡಿಯುವ ಬೇತಾಳ ಕುಲದ ಹುಡುಗಿ. ಅವರ ನಾಯಕ ಗುಹೆಯೊಳಗೆ ಬಂಧಿ. ಹುಡುಗ ಅವಳನ್ನು ಊರಿಗೆ, ಅಪ್ಪ-ಅಮ್ಮನ ಮನೆಗೆ ಕರೆತರುತ್ತಾನೆ. ಪರೇಶ್ ರಾವಲ್ ಅಪ್ಪನಾಗಿ ಅವಳನ್ನು ಅನುಮಾನದ ಕಣ್ಣಲ್ಲಿ ನೋಡುವ ಭಾಗ ನಿಜಕ್ಕೂ ನಗು ತರುತ್ತದೆ. ಆಮೇಲೆ ಸಾಯುವ ಸ್ಥಿತಿಯಲ್ಲಿದ್ದ ಅವನನ್ನು ಉಳಿಸಲು ಅವಳು ಕಚ್ಚುತ್ತಾಳೆ, ಅವನೂ ಬೇತಾಳನಾಗುತ್ತಾನೆ. ಅಂದರೆ ಮಗು ಮೊದಲಿನಿಂದ ಜೊತೆಗಿದ್ದು ನಕ್ಕ ಆ ಪೆದ್ದು ನಾಯಕನೇ ಮಾರ್ಪಡುವವನು, ಅದೂ ಅಪ್ಪ-ಅಮ್ಮ ಇರುವ ಮಾಮೂಲಿ ಮನೆಯ ಮಗ. ಏಳು ವರ್ಷದವನಿಗೆ ಈ ಒಂದು ತಿರುವು ಪರದೆಯ ಮೇಲೆ ಚೆಲ್ಲಿದ ಎಲ್ಲ ರಕ್ತಕ್ಕಿಂತ ಭಾರ.

ಹಾಗಾದರೆ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ ಯಾಕೆ ಹೆದರಿಸಲಿಲ್ಲ? 2012ರ ಆ ಕಾರ್ಟೂನಿನಲ್ಲಿ ಡ್ರಾಕುಲಾ ಒಬ್ಬ ಅಪ್ಪ. ಮಗಳಿಗೆ 118ನೇ ಹುಟ್ಟುಹಬ್ಬ, ಅವಳು ಹೊರಗೆ ಹೋಗುತ್ತಾಳೆ ಅನ್ನುವ ಆತಂಕ. ಅಲ್ಲಿ ಪ್ರೇತ-ಪಿಶಾಚಿಗಳೇ ಮನುಷ್ಯರಿಗೆ ಹೆದರುತ್ತವೆ. ಮೈಕೈ ಎಲ್ಲ ರಬ್ಬರಿನ ಹಾಗೆ, ಬಿದ್ದರೂ ಪುಟಿಯುತ್ತವೆ. ಮುಖ್ಯವಾಗಿ, ಅಲ್ಲಿ ಡ್ರಾಕುಲಾ ಮೊದಲಿಂದ ಕೊನೆವರೆಗೆ ಡ್ರಾಕುಲಾನೇ. ಯಾರೂ ಯಾರನ್ನೋ ಕಚ್ಚಿ ಬೇರೆ ಮಾಡುವುದಿಲ್ಲ. ಹೆಸರು ಒಂದೇ ಆದಮಾತ್ರಕ್ಕೆ ಕೆಲಸ ಒಂದೇ ಆಗಲಿಲ್ಲ. ನಾವು ಬೇತಾಳನನ್ನೇ ತಗೊಳ್ಳೋಣ. ‘ಚಂದಮಾಮ’ ಓದಿ ಬೆಳೆದ ನಮ್ಮ ತಲೆಮಾರಿಗೆ ಅವನು ಪರಕೀಯನಲ್ಲ. ಛಲ ಬಿಡದ ತ್ರಿವಿಕ್ರಮ, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಸುತ್ತ ಬುರುಡೆಗಳು. ಆ ಚಿತ್ರ ನೋಡುತ್ತಲೇ ಚಕ್ಕುಲಿ ತಿಂದಿದ್ದೇವೆ. ಹೆಣದ ಚಿತ್ರ ಮಕ್ಕಳ ಪತ್ರಿಕೆಯಲ್ಲಿ! ಯಾಕೆ ಏನೂ ಆಗಲಿಲ್ಲ ಅಂದರೆ, ಪುಟ ನಮ್ಮ ಕೈಯಲ್ಲಿತ್ತು. ಬೇಕಾದರೆ ನೋಡುವುದು, ಬೇಡವಾದರೆ ಮಗುಚುವುದು. ಹಿನ್ನೆಲೆ ಸಂಗೀತ ಇರಲಿಲ್ಲ. ಮೇಲಾಗಿ ಆ ಬೇತಾಳ ನೆತ್ತರು ಕೇಳಲಿಲ್ಲ, ಒಗಟು ಕೇಳಿದ.

ಈಗ ನಿಮ್ಮ ಯಜಮಾನರ ‘ನಮಗೇನಾಯ್ತು’. ಹ್ಯಾರಿಸನ್ ಮತ್ತು ಕ್ಯಾಂಟರ್ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು: ಚಿಕ್ಕವರಿದ್ದಾಗ ಪರದೆಯ ಮೇಲೆ ಏನನ್ನಾದರೂ ಕಂಡು, ನೋಡಿ ಮುಗಿದ ಮೇಲೂ ಭಯ ಉಳಿದಿತ್ತೇ? ಶೇ 90 ಮಂದಿ ಹೌದು ಅಂದರು. ಅದರ ಕಸಿವಿಸಿ ಇವತ್ತಿಗೂ ಇದೆ ಅಂದವರು ಸುಮಾರು ಕಾಲು ಭಾಗ. ಈ ಅಂಕಿಗಳನ್ನು ಎರಡು ಥರ ಓದಬಹುದು. ಬಹುತೇಕ ಎಲ್ಲರೂ ಹೆದರಿದ್ದಾರೆ, ಮುಕ್ಕಾಲು ಮಂದಿ ದಾಟಿದ್ದಾರೆ. ಇದು ನಿಮ್ಮ ಯಜಮಾನರ ಪರ. ಕಾಲು ಭಾಗ ದಾಟಿಲ್ಲ. ಇದು ನಿಮ್ಮ ಪರ. ಒಂದು ಸಂಜೆ ಅವರನ್ನು ಸುಮ್ಮನೆ ಕೇಳಿ ನೋಡಿ, ಚಿಕ್ಕವರಿದ್ದಾಗ ಯಾವ ಸಿನಿಮಾ ನೋಡಿ ಬಚ್ಚಲಿಗೆ ಒಬ್ಬರೇ ಹೋಗಲು ಹೆದರುತ್ತಿದ್ದರು ಅಂತ. ಕಥೆ ಇಲ್ಲದವರನ್ನು ನಾನಿನ್ನೂ ಕಂಡಿಲ್ಲ.

ನನ್ನದೂ ಒಂದಿದೆ, ಸಿನಿಮಾದ್ದಲ್ಲ. ಅಜ್ಜನ ಊರಿನ ಗದ್ದೆಯಲ್ಲಿ ಯಕ್ಷಗಾನ, ‘ದೇವಿ ಮಹಾತ್ಮೆ’ ಪ್ರಸಂಗ. ನಡುರಾತ್ರಿ ಮಹಿಷಾಸುರ ಬರುವುದು ರಂಗಸ್ಥಳದಿಂದಲ್ಲ, ಜನರ ಹಿಂದಿನಿಂದ. ದೊಂದಿಯ ಬೆಂಕಿ, ರಾಳದ ಪುಡಿ ಭುಗ್ ಎಂದು ಏಳುವ ಜ್ವಾಲೆ, ಚೆಂಡೆ, ಕೋಡು, ಅಟ್ಟಹಾಸ. ನಾನು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದವಳು ಬೆಳಗಿನವರೆಗೂ ಹೊರಗೆ ತೆಗೆಯಲಿಲ್ಲವಂತೆ. ‘ಅದು ವೇಷ ಮಗಾ, ನಿಜ ಅಲ್ಲ’ ಅಂತ ನಾಲ್ಕು ಜನ ಹೇಳಿದರು. ಏನೂ ಪ್ರಯೋಜನ ಆಗಲಿಲ್ಲ. ಮುಂದಿನ ವರ್ಷ ಅಜ್ಜ ಆಟ ಶುರುವಾಗುವ ಮೊದಲೇ ನನ್ನನ್ನು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದರು. ಒಬ್ಬ ಸಣಕಲು ಮನುಷ್ಯ ಬನಿಯನ್ನಿನಲ್ಲಿ ಕನ್ನಡಿ ಹಿಡಿದು ಕೂತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹಿಟ್ಟಿನಿಂದ ಮುಖದ ಮೇಲೆ ಚುಟ್ಟಿ ಇಡುತ್ತಿದ್ದರು, ಒಂದೊಂದೇ ಮುಳ್ಳು. ಗಂಟೆಗಟ್ಟಲೆ ಕೆಲಸ. ಅರ್ಧ ರಾಕ್ಷಸನಾಗಿದ್ದಾಗ ನನ್ನ ಕಡೆ ತಿರುಗಿ ಚಾ ಆಯ್ತಾ ಅಂತ ಕೇಳಿದರು. ಆ ರಾತ್ರಿ ಮಹಿಷಾಸುರ ಬಂದಾಗ ನಾನು ಹೆದರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಹೆದರಿದೆ, ಆದರೆ ಎದ್ದು ನಿಂತು ನೋಡಿದೆ.

ಅಜ್ಜನಿಗೆ ಗೊತ್ತಿದ್ದದ್ದನ್ನೇ ಕ್ಯಾಂಟರ್ ಪ್ರಯೋಗದಲ್ಲಿ ಕಂಡರು. 1984ರ ಒಂದು ಪ್ರಯೋಗದಲ್ಲಿ ಮಾಟಗಾತಿಯ ಸಿನಿಮಾ ದೃಶ್ಯ ತೋರಿಸುವ ಮೊದಲು ಮಕ್ಕಳಿಗೆ ‘ಇದು ನಿಜವಲ್ಲ ಅಂತ ನೆನಪಿಟ್ಟುಕೋ’ ಎಂದು ಹೇಳಿದರು. ಒಂಬತ್ತರಿಂದ ಹನ್ನೊಂದರವರಿಗೆ ಅದು ಕೆಲಸ ಮಾಡಿತು. ಮೂರರಿಂದ ಐದರವರಿಗೆ ಮಾಡಲಿಲ್ಲ. ಮಾತು ತಲುಪದ ವಯಸ್ಸಿಗೆ ತಲುಪುವುದು ಕಣ್ಣು, ಕೈ, ಮೈ. ಹಲ್ಕ್ ಪಾತ್ರಧಾರಿಗೆ ಬಣ್ಣ ಹಚ್ಚುವುದನ್ನು ಮಕ್ಕಳಿಗೆ ತೋರಿಸಿದ ವಿಡಿಯೋಗಳೂ ಇದೇ ದಾರಿಯವು.

ಮಗಳ ವಿಷಯ ಬೇರೆ. ಹದಿಮೂರಕ್ಕೆ ಬೇತಾಳ ಯಾರೂ ಅಲ್ಲ, ರಶ್ಮಿಕಾ ಎಲ್ಲ. ಅವಳಿಗೆ ರಕ್ತ, ಕೋರೆಹಲ್ಲು ರೋಮಾಂಚನ. ಈ ವಯಸ್ಸಿನವರು ಸ್ವಲ್ಪ ಹೆದರಲೆಂದೇ ಹೋಗುತ್ತಾರೆ, ಗೆಳತಿಯರ ನಡುವೆ ‘ನಾನು ನೋಡಿದೆ’ ಅನ್ನಬೇಕು. ತಪ್ಪಿಲ್ಲ. ನನಗೆ ಅವಳ ವಿಷಯದಲ್ಲಿ ಬೇರೆಯದೇ ಚಿಂತೆ: ನಮ್ಮ ಹಾರರ್ ಕಾಮಿಡಿಗಳು ಭಯ ಇಳಿಸಲು ಬಳಸುವ ನಗು ಎಂಥದ್ದು? ಅರ್ಧಕ್ಕರ್ಧ ಎರಡರ್ಥದ ಮಾತು. ನಡುವೆ ಐಟಂ ಹಾಡು. ‘ಥಾಮಾ’ದಲ್ಲೂ ಎರಡೂ ಇವೆ. ಇದನ್ನು ಕಂಡು ಟಿವಿ ಆರಿಸಬೇಕಾಗಿಲ್ಲ. ‘ಈ ಜೋಕಲ್ಲಿ ನಗು ಯಾರ ಮೇಲೆ?’ ಅಂತ ಒಂದೇ ಒಂದು ಸಲ ಕೇಳಿ, ಉಪನ್ಯಾಸ ಬೇಡ. ಕೆಲವೊಮ್ಮೆ ಮಕ್ಕಳ ಉತ್ತರ ನಮಗಿಂತ ಚುರುಕಾಗಿರುತ್ತದೆ.

ಇನ್ನೊಂದು ಕುತೂಹಲದ ವಿಷಯ ಅವಳಿಗೆ ಹೇಳಬಹುದು. ಈ ಸಿನಿಮಾ ಯಾವ ಸರಣಿಯದೋ, ಆ ಸರಣಿಯ ಮೊದಲ ಚಿತ್ರ 2018ರ ‘ಸ್ತ್ರೀ’. ಅದರಲ್ಲಿ ಗೋಡೆಗಳ ಮೇಲೆ ‘ಓ ಸ್ತ್ರೀ, ನಾಳೆ ಬಾ’ ಅಂತ ಬರೆದಿರುತ್ತಾರೆ. ಅದರ ಮೂಲ ನಮ್ಮದೇ. 90ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಕಂಡಿದ್ದ ನೆನಪು ನಿಮಗೂ ಇರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದಂತೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದಂತೆ. ಕನ್ನಡ ಓದಲು ಬರುವ, ಹೇಳಿದ ಮಾತು ಕೇಳುವ ದೆವ್ವ! ಆಗ ಮಕ್ಕಳನ್ನು ಹೆದರಿಸಿದ್ದು ಯಾವ ಸಿನಿಮಾವೂ ಅಲ್ಲ, ದೊಡ್ಡವರ ಪಿಸುಮಾತು. 1954ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನೂರಾರು ಮಕ್ಕಳು ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯನ್ನು ಹಿಡಿಯುತ್ತೇವೆಂದು ಚಾಕು, ದೊಣ್ಣೆ ಹಿಡಿದು ಸ್ಮಶಾನಕ್ಕೆ ನುಗ್ಗಿದ್ದರು. ಜನ ಅಮೆರಿಕದ ಹಾರರ್ ಕಾಮಿಕ್ಸ್‌ಗಳನ್ನು ದೂರಿದರು, ಮರುವರ್ಷ ಬ್ರಿಟನ್ನಿನಲ್ಲಿ ಅವುಗಳ ವಿರುದ್ಧ ಕಾನೂನೇ ಬಂತು. ಕಬ್ಬಿಣದ ಹಲ್ಲಿನ ಮೃಗ ಬೈಬಲ್ಲಿನಲ್ಲೇ ಇದೆ ಅನ್ನುವುದು ಆಮೇಲೆ ನೆನಪಾಯಿತು. ಮನೆಯಲ್ಲಿ ಊಟ ಮಾಡದಿದ್ದರೆ ಗುಮ್ಮ ಬರ್ತಾನೆ ಅಂತ ದಿನಾ ಹೇಳುವವರು ಸಿನಿಮಾವನ್ನು ಮಾತ್ರ ದೂರುವುದು ಎಷ್ಟು ಸರಿ? ದಾಸರ ಪದದ ಕೃಷ್ಣನೇ ಗುಮ್ಮನನ್ನು ಕರೆಯಬೇಡ ಅಂತ ಅಮ್ಮನ ಹತ್ತಿರ ಗೋಗರೆದವನು.

ನೀವು ಮೊದಲೊಮ್ಮೆ ನೋಡಿ ಅಂದೆ. ಸುಮಾರು ಎರಡೂವರೆ ಗಂಟೆ ಸಿಗುವುದಿಲ್ಲ ಅಂದರೆ ಮೂರು ಕಡೆ ನೋಡಿ: ಯಾರಾದರೂ ಮಾರ್ಪಡುವ ದೃಶ್ಯ, ಮನೆಯೊಳಗೆ ನಡೆಯುವ ಭಯದ ದೃಶ್ಯ, ಕೊನೆಯ ಇಪ್ಪತ್ತು ನಿಮಿಷ. ಮನೆಯೊಳಗಿನದ್ದು ಯಾಕೆಂದರೆ, ಕಾಡಿನ ಭೂತ ಕಾಡಿನಲ್ಲೇ ಉಳಿಯುತ್ತದೆ, ಮಂಚದ ಕೆಳಗಿನದ್ದು ನಮ್ಮ ಮಂಚದ ಕೆಳಗೂ ಬರುತ್ತದೆ. ಕೊನೆಯದ್ದು ಯಾಕೆಂದರೆ, ಮಗು ಮಲಗಲು ಹೋಗುವುದು ಆ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು. ಒಂದು ದೃಶ್ಯವನ್ನು ಮ್ಯೂಟ್ ಮಾಡಿಯೂ ನೋಡಿ. ಭಯದ ದೊಡ್ಡ ಪಾಲು ಶಬ್ದದಲ್ಲಿದೆ ಅನ್ನುವುದು ತಕ್ಷಣ ತಿಳಿಯುತ್ತದೆ. ಮಗಳ ಜೊತೆ ನೋಡುವಾಗಲೂ ಹಗಲು ಹೊತ್ತು, ವಾಲ್ಯೂಮ್ ಎರಡು ಗೆರೆ ಕೆಳಗೆ, ರಿಮೋಟ್ ಅವಳ ಕೈಯಲ್ಲಿ. ನಿಮ್ಮ ಕೈಯಲ್ಲಲ್ಲ.

ಅಕಸ್ಮಾತ್ ಮಗ ಎಲ್ಲೋ ನೋಡಿಬಿಟ್ಟ, ರಾತ್ರಿ ಎದ್ದು ಅತ್ತ ಅನ್ನಿ. ‘ಹೇಡಿ, ಸಿನಿಮಾ ಕಣೋ ಅದು’ ಅನ್ನಬೇಡಿ. ದೀಪ ಹಾಕಿ, ಒಂದು ಲೋಟ ನೀರು ಕೊಡಿ, ಪಕ್ಕ ಮಲಗಿ. ಕೆಲವು ದಿನ ಬಾಗಿಲು ತೆರೆದಿಟ್ಟರೆ ಅವನೇನೂ ಕೆಟ್ಟುಹೋಗುವುದಿಲ್ಲ. ಹಗಲಲ್ಲಿ ಕೋರೆಹಲ್ಲಿನವನ ಚಿತ್ರ ಬಿಡಿಸಲು ಹೇಳಿ, ಅದಕ್ಕೊಂದು ಹೆಸರಿಡಲಿ, ಚಡ್ಡಿ ಹಾಕಲಿ. ಆ ಹುಡುಗಿಗೆ ನಾವು ಮಾಡಿದ್ದು ಇಷ್ಟೇ. ಅಮ್ಮನೂ ಅವಳೂ ಕನ್ನಡಿ ಮುಂದೆ ನಿಂತು ಕಾಗದದ ಕೋರೆಹಲ್ಲು ಕತ್ತರಿಸಿ ಅಂಟಿಸಿಕೊಂಡರು, ಕಿತ್ತರು, ಮತ್ತೆ ಅಂಟಿಸಿಕೊಂಡರು. ‘ಮುಖ ಅದೇ, ಅಮ್ಮನೂ ಅದೇ’ ಅನ್ನುವುದನ್ನು ಅವಳ ಬೆರಳೇ ಕಂಡುಕೊಂಡಿತು. ಮೂರು-ನಾಲ್ಕು ವಾರ ಆದರೂ ನಿದ್ದೆ ಸರಿಹೋಗದಿದ್ದರೆ, ಶಾಲೆ-ಊಟಕ್ಕೂ ತಟ್ಟಿದರೆ, ಮಕ್ಕಳ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಕೊನೆಗೆ, ಅವನಿಗೆ ಹೇಗೆ ಹೇಳುವುದು. ‘ನೀನು ಹೆದರ್ತೀಯ’ ಅನ್ನಬೇಡಿ. ಯಾವ ಏಳು ವರ್ಷದವನೂ ಒಪ್ಪುವುದಿಲ್ಲ, ಹೆದರುವುದಿಲ್ಲ ಅಂತ ತೋರಿಸಲು ಕದ್ದು ನೋಡುತ್ತಾನೆ. ‘ಚಿಕ್ಕವನು’ ಎಂದೂ ಬೇಡ, ಅಕ್ಕ ಅದನ್ನು ಒಂದು ತಿಂಗಳು ಆಡಿಕೊಳ್ಳುತ್ತಾಳೆ. 16+ ಎಂಬ ಆ ಗುರುತನ್ನೇ ತೋರಿಸಿ: ‘ನೋಡು, ಅಕ್ಕನಿಗೂ ಇನ್ನೂ ಹದಿನಾರಾಗಿಲ್ಲ, ಅದಕ್ಕೇ ಅವಳು ಒಬ್ಬಳೇ ನೋಡೋ ಹಾಗಿಲ್ಲ, ನಾನು ಕೂರ್ಬೇಕು. ನಿಂಗೆ ಹತ್ತಾದಾಗ ಮತ್ತೆ ಮಾತಾಡೋಣ.’ ನಿಯಮ ಅಕ್ಕನಿಗೂ ಇದೆ ಅಂತ ಗೊತ್ತಾದರೆ ಅವನಿಗೆ ಅರ್ಧ ಸಮಾಧಾನ. ಉಳಿದರ್ಧಕ್ಕೆ ಅಪ್ಪ ಇದ್ದಾರಲ್ಲ. ಆ ಭಾನುವಾರ ಮಧ್ಯಾಹ್ನ ಇಬ್ಬರೂ ಹೊರಗೆ ಹೋಗಲಿ, ಮಗ ಎಲ್ಲಿಗೆ ಹೇಳಿದರೆ ಅಲ್ಲಿಗೆ. ದಾರಿಯಲ್ಲಿ ಅಪ್ಪ ತಾವು ಚಿಕ್ಕವರಿದ್ದಾಗ ಬಚ್ಚಲಿಗೆ ಹೋಗಲು ಹೆದರಿದ ಕಥೆ ಹೇಳಲಿ.